ಎರಡು ಜಡೆ

ನಮ್ಮ ಪಾಠಶಾಲೆಯ ಎರಡು ಜಡೆಯ ನಿಯಮವನ್ನು ಪೂರ್ವವಿದ್ಯಾರ್ಥಿನಿಯರಿಗೆ ನಾವು ವಿವರಿಸಬೇಕಾದುದಿಲ್ಲ. ಆ ನಿಯಮದಲ್ಲಿಯೇ ನಾವೂ ಬೆಳೆದೆವು. ಉಪಾಧ್ಯಾಯಿನಿಯಾದ ಮೇಲೆ ಅದನ್ನು ಕಟ್ಟುನಿಟ್ಟಾಗಿ ನಡೆಯಿಸಿದೆವು. ಅದನ್ನು ನಡೆಯಿಸುವುದರಲ್ಲಿ ಒಮ್ಮೆ ನಾವು ತಪ್ಪಿದ ಸಂಗತಿಯನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಾಗಮಂಗಲದ ಕಡೆಯ ಗೃಹಸ್ಥರೊಬ್ಬರು ಇಬ್ಬರು ಹೆಣ್ಣುಮಕ್ಕಳೊಡನೆ ಕೃಷ್ಣರಾಜಪೇಟೆಯ ಹೊಸ ಬಡಾವಣೆಯೊಂದಕ್ಕೆ ಬಾಡಿಗೆಗೆ ಬಂದರು. ಆಲೆಮನೆಗಳ ಲೆಕ್ಕ ಬರೆಯುವುದು ಅವರ ಉದ್ಯೋಗ. ಪತ್ನಿಯು ತೀರಿಕೊಂಡು ಮೂರು ತಿಂಗಳಾಗಿತ್ತು. ಹಳೆಯ ಮನೆಯ ಒಲೆಯ ಮುಂದೆ ನಿಲ್ಲಲಾರದೆ ಊರು ಬಿಟ್ಟರಂತೆ. ಹೊಸ ಕೇರಿಯಲ್ಲಿ ಅವರ ದುಃಖವನ್ನು ಬಲ್ಲವರಿರಲಿಲ್ಲ. ನೆರೆಯವರು "ಅಮ್ಮ ಎಲ್ಲಿ?" ಎಂದು ಕೇಳಿದರೆ ಹಿರಿಯ ಮಗಳು "ಊರಿನಲ್ಲಿದ್ದಾರೆ" ಎಂದುಬಿಡುವಳು.

ಆ ಹುಡುಗಿಯು ದಿನವೂ ಪ್ರಾರ್ಥನೆಗೆ ತಡವಾಗಿ, ಸೊಟ್ಟ ಜಡೆಗಳಲ್ಲಿ ಬರುತ್ತಿದ್ದಳು. ಒಂದು ದಿನ ಎಲ್ಲರ ಮುಂದೆ, "ನಿನ್ನ ತಾಯಿಗೆ ಜಡೆ ಹೆಣೆಯಲು ಪುರುಸೊತ್ತಿಲ್ಲವೆ?" ಎಂದು ಗದರಿದೆವು. ಅವಳು ಅಳಲಿಲ್ಲ, ತಲೆ ತಗ್ಗಿಸಿ ನಿಂತಳು. ಪ್ರವೇಶದ ಅರ್ಜಿಯಲ್ಲಿ ತಾಯಿಯ ಹೆಸರಿನೊಡನೆ 'ದಿವಂಗತ' ಎಂದಿದ್ದಿತು. ಅದಕ್ಕೆ ಸಹಿ ಹಾಕಿದವರು ನಾವೇ!

ಮರುದಿನ ತಂದೆಯವರು ಬಂದರು. ಆಕ್ಷೇಪಣೆಯ ಮಾತೊಂದನ್ನೂ ಆಡಲಿಲ್ಲ. "ಬಿಗಿಯಾಗಿ ಎಳೆದರೆ ಮಗು ನೋವೆನ್ನುತ್ತಾಳೆ, ಬಿಟ್ಟರೆ ಜಡೆ ಸಡಿಲವಾಗುತ್ತದೆ. ಯಾರನ್ನು ಕೇಳಲಿ ಅಮ್ಮಾ?" ಎಂದರು. ನಾವು ಕ್ಷಮೆ ಬೇಡಿದೆವು. ಆ ಹುಡುಗಿಯನ್ನು ಕರೆಯಿಸಿ ಅವಳಲ್ಲಿಯೂ ಬೇಡಿದೆವು. ಹೊಲಿಗೆಯ ಉಪಾಧ್ಯಾಯಿನಿಯವರು, ಎಣ್ಣೆ ಸವರಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದನ್ನೂ, ನಡುವಿನಿಂದ ರಿಬ್ಬನ್ನು ಸೇರಿಸಿ ಹೆಣೆಯುವುದನ್ನೂ ತೋರಿಸಿಕೊಟ್ಟರು. ಆ ಗೃಹಸ್ಥರು ಲೆಕ್ಕ ಕಲಿಯುವ ಬಾಲಕನಂತೆ ಗಮನವಿಟ್ಟು ಕಲಿತರು. ವಿಷಯವು ತಿಳಿದ ಮೇಲೆ ಪಕ್ಕದ ಮನೆಯಾಕೆಯು, ತಂದೆ ಕೆಲಸದಿಂದ ಹಿಂದಿರುಗುವವರೆಗೆ ಮಕ್ಕಳನ್ನು ತಮ್ಮ ಜಗುಲಿಯಲ್ಲಿಯೇ ಕುಳ್ಳಿರಿಸಿಕೊಳ್ಳತೊಡಗಿದರು.

ಡಿ.ವಿ. ಗುಂಡಪ್ಪನವರು 1924ರಲ್ಲಿ ಪತ್ನಿ ಭಾಗೀರಥಮ್ಮನವರನ್ನು ಕಳೆದುಕೊಂಡಾಗ ಅವರಿಗೆ ನಲವತ್ತು ತುಂಬಿರಲಿಲ್ಲ; ಮರುಮದುವೆಯಾಗಲಿಲ್ಲ. ತಾಯಿಯಿಲ್ಲದೆ ಬೆಳೆದ ಅವರ ಮಗ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಗಳಾಗಿ 'ಹಸುರು ಹೊನ್ನು' ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ತಂದೆಗೆ 1967ರಲ್ಲಿಯೂ ಮಗನಿಗೆ 1978ರಲ್ಲಿಯೂ ದೊರೆಯಿತು. ಇದನ್ನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆವು. ಅಂಥ ಮನೆಯ ಒಂದು ಬೆಳಗು ಹೇಗಿರುವುದೆಂದು ಮಾತ್ರ ಯೋಚಿಸಿರಲಿಲ್ಲ.

ಅಂದಿನಿಂದ ವರ್ಷಾರಂಭದಲ್ಲಿ ಪ್ರತಿಯೊಂದು ಅರ್ಜಿಯನ್ನೂ ತರಗತಿಯ ಉಪಾಧ್ಯಾಯಿನಿಯರೊಡನೆ ಕುಳಿತು ಓದುತ್ತೇವೆ. ಎರಡು ಜಡೆಯ ನಿಯಮವು ಉಳಿದಿದೆ. ತಡವಾಗಿ ಬಂದವಳನ್ನು ಮೊದಲು ಒಳಗೆ ಕರೆದು, ಏಕಾಂತದಲ್ಲಿ ಕಾರಣ ಕೇಳುತ್ತೇವೆ. ಆ ಹುಡುಗಿಯು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ ಹೋದಳು. ತಂಗಿಯು ಈಗ ನಮ್ಮಲ್ಲಿಯೇ ಓದುತ್ತಿರುವಳು. ಅವಳ ಜಡೆಗಳು ನೇರವಾಗಿವೆ. ಈಗಲೂ ಹೆಣೆಯುವವರು ತಂದೆಯವರೇ.