ಸೊಂಟದೊಳಗಿನ ನಾಯಿಗಳು

ಪ್ರತಿಯೊಬ್ಬರ ಸೊಂಟದಲ್ಲೂ ನಾಯಿಗಳಿವೆ. ಎಡಕ್ಕೆ ಐದು, ಬಲಕ್ಕೆ ಐದು. ಬೆನ್ನಿನ ಕೆಳಭಾಗದ ಎಕ್ಸ್‌ರೇಯನ್ನು ಕೊಂಚ ಓರೆಯಾಗಿ ತೆಗೆದರೆ ಬೆನ್ನುಮೂಳೆಯ ಒಂದೊಂದು ಮಣಿಯೂ ಗಿಡ್ಡ ಕಾಲಿನ ಸ್ಕಾಟಿಷ್ ಟೆರಿಯರ್ ನಾಯಿಯ ಹಾಗೆ ಕಾಣುತ್ತದೆ. ಮೂತಿ, ಕಣ್ಣು, ನಿಮಿರಿದ ಕಿವಿ, ಮುಂಗಾಲು, ಎಲ್ಲ ಇದೆ. ವೈದ್ಯಕೀಯ ಪಠ್ಯಗಳಲ್ಲೇ ಇದಕ್ಕೆ 'ಸ್ಕಾಟಿ ಡಾಗ್' ಎಂದು ಹೆಸರು. ಕೆಳಗಿನ ನಾಯಿಯ ಕಿವಿ ಮೇಲಿನ ನಾಯಿಯ ಮುಂಗಾಲಿಗೆ ತಾಗುವ ಜಾಗವೇ ಫ್ಯಾಸೆಟ್ ಕೀಲು. ಮೊಣಕಾಲಿಗೆ ಇರುವಂತೆ ಅದಕ್ಕೂ ಮೃದ್ವಸ್ಥಿ, ಜಾರು ದ್ರವ, ಸುತ್ತ ಚೀಲ ಎಲ್ಲವೂ ಉಂಟು. ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಹಿಡಿಸದ ಈ ಕೀಲು ಮುನಿಸಿಕೊಂಡರೆ ಅಟ್ಟದ ಮೇಲಿನ ಡಬ್ಬಿಗೆ ಕೈಚಾಚುವುದಕ್ಕೂ ಯೋಚನೆ ಮಾಡಬೇಕಾಗುತ್ತದೆ.

ಈ ಲೇಖಕನ ನಾಯಿಗಳು ಐವತ್ತು ದಾಟಿದ ಮೇಲೆ ಬೊಗಳತೊಡಗಿದವು. ಮಹಾನಾರಾಯಣ ತೈಲವಾಯಿತು, ಬಿಸಿನೀರಿನ ಶಾಖವಾಯಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂದು ಊರಿನ ಸೋದರತ್ತೆ ಅಂಥ ಒಬ್ಬರನ್ನು ಗೊತ್ತುಮಾಡಿಯೂ ಇಟ್ಟರು. ಒದೆ ತಪ್ಪಿಸಿಕೊಂಡ ಲೇಖಕ ಹೋಗಿ ಎಂಆರ್‌ಐ ಸುರಂಗದಲ್ಲಿ ಮಲಗಿದ. ವರದಿಯಲ್ಲಿ 'ಡಿಸ್ಕ್ ಬಲ್ಜ್', ಅಂದರೆ ಮಣಿಗಳ ನಡುವಿನ ಮೆತ್ತೆ ಉಬ್ಬಿದೆ ಎಂದಿತ್ತು. ಸೊಂಟನೋವೇ ಕಾಣದವರ ಎಂಆರ್‌ಐಯಲ್ಲೂ ಈ ವಯಸ್ಸಿಗೆ ಅದು ಧಾರಾಳವಾಗಿ ಸಿಗುತ್ತದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಮನೆಯವರು ಆಪರೇಷನ್ನಿಗೆ ರಜೆ ಹೊಂದಿಸಲು ಶುರುಮಾಡಿದ್ದರು.

ಡಿಸ್ಕಿನ ಈ ದರ್ಬಾರು ಹಳೆಯದು. ಫ್ಯಾಸೆಟ್ ಕೀಲಿನ ಮೇಲೆ ಅನುಮಾನಪಟ್ಟವರು ಅದಕ್ಕೂ ಮುಂಚೆಯೇ ಇದ್ದರು: 1911ರಲ್ಲಿ ಬಾಸ್ಟನ್ನಿನ ಮೂಳೆ ವೈದ್ಯ ಜೋಯಲ್ ಗೋಲ್ಡ್‌ತ್ವೇಟ್. 1933ರಲ್ಲಿ ಗಾರ್ಮ್ಲಿ ಎಂಬವರು 'ಫ್ಯಾಸೆಟ್ ಸಿಂಡ್ರೋಮ್' ಎಂದು ನಾಮಕರಣವನ್ನೂ ಮಾಡಿದರು. ಪಾಪ, ಮರುವರ್ಷವೇ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಒಡೆದ ಡಿಸ್ಕಿನ ಬಗ್ಗೆ ಬರೆದರು. ಸೊಂಟನೋವೆಂದರೆ ಡಿಸ್ಕ್ ಎಂದಾಯಿತು, ಕೀಲು ಮೂಲೆಗುಂಪಾಯಿತು. ಅದನ್ನು ಮತ್ತೆ ಎಬ್ಬಿಸಿ ಕೂರಿಸಿದ್ದು 1976ರಲ್ಲಿ ಮೂನಿ ಮತ್ತು ರಾಬರ್ಟ್‌ಸನ್. ಅವರು ಎಕ್ಸ್‌ರೇ ನೋಡುತ್ತಲೇ ಕೀಲಿನೊಳಗೆ ಗಾಢ ಉಪ್ಪುನೀರನ್ನು ಚುಚ್ಚಿದರು. ನೋವು ಪೃಷ್ಠಕ್ಕೆ, ತೊಡೆಗೆ ಹರಿಯಿತು. ಮರಗಟ್ಟಿಸುವ ಔಷಧಿ ಬಿಟ್ಟರು, ನಿಂತಿತು.

ನಡುವೆ ಆಸ್ಟ್ರೇಲಿಯಾದ ರೀಸ್ ಎಂಬ ವೈದ್ಯರದ್ದೊಂದು ಸ್ವಾರಸ್ಯವಿದೆ. ಚರ್ಮದ ಮೂಲಕ ಸಣ್ಣ ಚಾಕು ತೂರಿಸಿ ಈ ಕೀಲುಗಳ ನರವನ್ನೇ ಕತ್ತರಿಸುತ್ತೇನೆಂದು ಹೊರಟ ಅವರು, 1971ರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಜನರಿಗೆ ಗುಣವಾಯಿತೆಂದು ಬರೆದರು. ಆಮೇಲೆ ಅದೇ ದೇಶದ ಅಂಗರಚನಾ ತಜ್ಞ ನಿಕೊಲಾಯ್ ಬಾಗ್‌ಡಕ್ ನರಗಳ ನಕ್ಷೆಯನ್ನು ಸರಿಯಾಗಿ ಬರೆದಾಗ, ಆ ಚಾಕು ನರದವರೆಗೆ ತಲುಪುವಷ್ಟು ಉದ್ದವೇ ಇರಲಿಲ್ಲ ಎಂದು ಗೊತ್ತಾಯಿತು. ಹಾಗಿದ್ದರೆ ಗುಣವಾದವರೆಲ್ಲ ಯಾವುದರಿಂದ ಗುಣವಾದರು? ಸೊಂಟದ ಮಾತನ್ನು ಒಂದೇ ಸಲಕ್ಕೆ ನಂಬಬಾರದೆಂಬ ಹುಷಾರು ಈ ವಿದ್ಯೆಗೆ ಬಂದಿರುವುದು ಇಂಥ ಪ್ರಸಂಗಗಳಿಂದಲೇ.

ಡಾಕ್ಟರ ಅನುಮಾನವೂ ಈ ಕೀಲಿನ ಮೇಲೇ ಇತ್ತು; ಪರೀಕ್ಷೆಗೆಂದು ಲೇಖಕನನ್ನು ಹೊಟ್ಟೆಯಡಿ ದಿಂಬು ಕೊಟ್ಟು ಬೋರಲು ಮಲಗಿಸಿದರು. ತಣ್ಣನೆಯ ಬೆಟಾಡಿನ್ ಸೊಂಟದಿಂದ ಪಕ್ಕೆಗೆ ಇಳಿಯಿತು. ಸೀಸದ ಏಪ್ರನ್ ತೊಟ್ಟ ಹುಡುಗ ಸಿ-ಆರ್ಮ್ ಎಕ್ಸ್‌ರೇ ಯಂತ್ರವನ್ನು ಓರೆಯಾಗಿಸಿದ; ಪರದೆಯ ಮೇಲೆ ನಾಯಿ ಬಂತು. ಗುರಿ ಕೀಲಲ್ಲ, ಕೀಲಿನ ಸುದ್ದಿ ಹೊರುವ ನರ. ಒಂದು ಕೀಲಿಗೆ ಅಂಥವು ಎರಡು. ನಾಯಿಯ ಕಣ್ಣಿನ ಹತ್ತಿರ, ಕಿವಿಯ ಬುಡದಲ್ಲಿ ಸೂಜಿ ಮೂಳೆಗೆ ತಾಗಬೇಕು. ತಾಗಿತು. ಮರಗಟ್ಟಿಸಲು ಅರ್ಧ ಮಿಲಿಲೀಟರಿನಷ್ಟು ಲಿಡೊಕೇನ್. ಹೆಚ್ಚು ಬಿಟ್ಟರೆ ಪಕ್ಕದ ನರಗಳೂ ಮಲಗಿ, ಯಾರು ಬೊಗಳುತ್ತಿದ್ದರು ಎಂಬುದೇ ಗೊಂದಲವಾಗುತ್ತದೆ. ಲಿಡೊಕೇನ್ 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ತಯಾರಿಸಿದ್ದು. ಅವರ ಜೊತೆಗಾರ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದರು.

ಹೊರಬಂದಾಗ ಹತ್ತಕ್ಕೆ ಏಳಿದ್ದ ನೋವು ಒಂದಕ್ಕೆ ಇಳಿದಿತ್ತು. ಗಂಟೆಗೊಮ್ಮೆ ನೋವಿನ ಅಂಕ ಬರೆಯಲು ಒಂದು ಹಾಳೆ ಕೊಟ್ಟರು. ಮನೆಗೆ ಬಂದ ಲೇಖಕ ಕುಕ್ಕರನ್ನು ಒಂದೇ ಕೈಲಿ ಕೆಳಗಿಳಿಸಿ, ಹೆಂಡತಿ ನೋಡಿದಳೋ ಇಲ್ಲವೋ ಎಂದು ತಿರುಗಿ ನೋಡಿದ. ರಾತ್ರಿ ಊಟದ ಹೊತ್ತಿಗೆ ನೋವು ತನ್ನ ಜಾಗಕ್ಕೆ ಬಂದು ಕೂತಿತ್ತು.

"ಅಷ್ಟು ದುಡ್ಡು ಸುರಿದಿದ್ದು ಒಂದು ಮಧ್ಯಾಹ್ನಕ್ಕೇನ್ರೀ?" ಎಂದಳು ಅವಳು.

ಡಾಕ್ಟರಿಗೆ ಮಾತ್ರ ಖುಷಿಯೋ ಖುಷಿ. "ನೋವು ವಾಪಸ್ ಬರಲೇಬೇಕು ಸರ್. ಔಷಧಿ ಇರೋವರೆಗೆ ಹೋಗಿ, ಇಳಿದ ಮೇಲೆ ಬಂದ್ರೆ ಕಳ್ಳ ಸಿಕ್ಕಿದ ಹಾಗೆ." ಅಷ್ಟಕ್ಕೇ ಅವರೂ ನಂಬುವುದಿಲ್ಲ. ಇನ್ನೊಂದು ದಿನ ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್ ಹಾಕಿ, ಬಿಡುವು ಉದ್ದವಾಗುತ್ತದೋ ನೋಡುತ್ತಾರೆ. 1994ರಲ್ಲಿ ಶ್ವಾರ್ಜರ್ ಮತ್ತು ಸಂಗಡಿಗರು 176 ಜನರನ್ನು ಹೀಗೆ ಪರೀಕ್ಷಿಸಿದಾಗ, ಒಂದೇ ಚುಚ್ಚುಮದ್ದನ್ನು ನಂಬಿದರೆ ತಪ್ಪಾಗಿ 'ಹೌದು' ಎನ್ನುವ ಪ್ರಮಾಣ ಶೇ. 38 ಎಂದು ಕಂಡಿತ್ತು.

ಜೊತೆಗೇ ಸ್ಟೀರಾಯ್ಡ್ ಹಾಕಿ ಮುಗಿಸಬಾರದೇ ಎಂದು ಲೇಖಕ ಕೇಳದೆ ಇರಲಿಲ್ಲ. ಹಾಕುವವರಿದ್ದಾರೆ, ಕೆಲವರಿಗೆ ವಾರಗಟ್ಟಲೆ ಹಾಯೆನಿಸುವುದೂ ಉಂಟು. ಆದರೆ 1991ರಲ್ಲಿ ಕೆನಡಾದ ಕ್ಯಾರೆಟ್ ಮತ್ತು ಸಂಗಡಿಗರು ಕೀಲಿಗೆ ಕೆಲವರಿಗೆ ಸ್ಟೀರಾಯ್ಡ್, ಕೆಲವರಿಗೆ ಬರೀ ಸಲೈನ್ ಕೊಟ್ಟು ನೋಡಿದ್ದರು. ತಿಂಗಳ ನಂತರ ಚೆನ್ನಾಗಿ ಗುಣ ಕಂಡವರು ಶೇ. 42 ಮತ್ತು ಶೇ. 33. ಸಂಖ್ಯಾಶಾಸ್ತ್ರ ಮಾನ್ಯಮಾಡುವಷ್ಟು ಅಂತರ ಅದಲ್ಲ.

ಎರಡು ಪರೀಕ್ಷೆಯಲ್ಲೂ ಉತ್ತರ ಒಂದೇ ಬಂದರೆ ಮುಂದಿನದು ರೇಡಿಯೊ ಫ್ರೀಕ್ವೆನ್ಸಿ: ಅದೇ ನರವನ್ನು ಸೂಜಿಯ ತುದಿಯಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೂವರೆ ನಿಮಿಷದಷ್ಟು ಹೊತ್ತು ಕಾಯಿಸುವುದು. ನರ ಮತ್ತೆ ಬೆಳೆಯುವವರೆಗೆ, ಅಂದರೆ ಹಲವು ತಿಂಗಳು, ನಿರಾಳ. ಎರಡೂ ಪರೀಕ್ಷೆ ದಾಟಿ ಲೇಖಕ ಸದ್ಯ ಅಲ್ಲಿಗೆ ಬಂದು ನಿಂತಿದ್ದಾನೆ, ವಿಮೆಯವರ ಒಪ್ಪಿಗೆಗಾಗಿ. ವಿಮೆ ಕಚೇರಿಯ ಹುಡುಗಿ ನೋವಿನ ಅಂಕದ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದುಕೊಂಡು ಫೋನಿನಲ್ಲಿ ಬಲು ಮರ್ಯಾದೆಯಿಂದಲೇ ಕೇಳಿದಳು: "ಸರ್, ಇಂಜೆಕ್ಷನ್ ಆದ್ಮೇಲೆ ನೋವು ಒಂದಕ್ಕೆ ಇಳೀತು ಅಂತ ನೀವೇ ಬರ್ದಿದ್ದೀರಲ್ಲ, ಮತ್ತೆ ಇನ್ನೊಂದು ಯಾಕೆ?"