ಮೊಳೆ ಎಸೆಯುವ ತಂತಿಸುರುಳಿ

ಗುಂಡಿ ಒತ್ತಿದಾಗ 'ಟಿಂಗ್' ಎಂದೂ ಬಿಟ್ಟಾಗ 'ಟಾಂಗ್' ಎಂದೂ ಸದ್ದು ಮಾಡುವ ಹಳೆಯ ಮಾದರಿಯ ಕಾಲಿಂಗ್ ಬೆಲ್ ಇನ್ನೂ ಅನೇಕ ಮನೆಗಳ ಗೋಡೆಯ ಮೇಲಿದೆ. ಅದರ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡಿದವರು ನಮ್ಮಲ್ಲಿ ಕಡಿಮೆ. ಒಂದು ತಾಮ್ರದ ತಂತಿಯ ಸುರುಳಿ, ಅದರ ನಡುವೆ ಜಾರುವ ಒಂದು ಕಬ್ಬಿಣದ ಕಡ್ಡಿ, ಒಂದು ಸ್ಪ್ರಿಂಗ್, ಎರಡು ಲೋಹದ ಪಟ್ಟಿ. ಇಷ್ಟೇ. ಕರೆಂಟ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಎಳೆದುಕೊಳ್ಳುತ್ತದೆ, ಕಡ್ಡಿ ಹೋಗಿ ಒಂದು ಪಟ್ಟಿಗೆ ಬಡಿಯುತ್ತದೆ. ಬೆರಳು ತೆಗೆದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಇನ್ನೊಂದು ಪಟ್ಟಿಗೆ ಬಡಿಸುತ್ತದೆ. ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್‌ಗೆ ನೀರು ಬರುವ ಮುನ್ನ 'ಟಕ್' ಎನ್ನುವುದೂ ಇಂಥದೇ ಒಂದು ಸುರುಳಿ. ಅಂದರೆ ಕಬ್ಬಿಣದ ತುಂಡನ್ನು ವಿದ್ಯುತ್ತಿನಿಂದ ಎಸೆಯುವ ಯಂತ್ರ ನಮ್ಮ ಮನೆಗಳಲ್ಲಿ ಎಷ್ಟೋ ಕಾಲದಿಂದ ಕೂತಿದೆ. ನಾವು ಅದಕ್ಕೆ ಹೆದರಿಲ್ಲ.

ಆದರೆ ಕಳೆದ ವರ್ಷ ಹತ್ತನೇ ತರಗತಿಯಲ್ಲಿದ್ದ ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಯಾವುದೋ ವೀಡಿಯೋ ನೋಡಿ, "ಖಾಲಾ, ವಿಜ್ಞಾನ ಪ್ರದರ್ಶನಕ್ಕೆ ನಾನು ಕಾಯಿಲ್ ಗನ್ ಮಾಡ್ತೀನಿ" ಎಂದಾಗ ಮನೆಯಲ್ಲಿ ಎಲ್ಲರ ಕೈಯ ಚಹಾ ಅಲ್ಲೇ ನಿಂತಿತು. ಅವಳ ನಾನಿ, ಅಂದರೆ ನನ್ನ ಅಮ್ಮಿ, "ತೌಬಾ, ಹುಡುಗಿಯರಿಗೆ ಬಂದೂಕು ಯಾಕಮ್ಮಾ?" ಎಂದರು. ತಂಗಿ ಆಗ ಏನೂ ಹೇಳಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ನನ್ನ ಪಕ್ಕ ಬಂದು ನಿಂತು ಹೇಳಿದಳು: "ಆಪಾ, ತಂತಿ, ಬ್ಯಾಟರಿ, ಮೊಳೆ ಇವನ್ನೆಲ್ಲ ಚೀಲದಲ್ಲಿ ಇಟ್ಟುಕೊಂಡು ಇವಳು ಬಸ್ಸಿನಲ್ಲಿ ಹೋಗಬೇಕಾ? ಯಾರಾದರೂ ಚೀಲ ತೆರೆಸಿ ಕೇಳಿದರೆ? ಅದಕ್ಕೆ ಗನ್ ಅಂತ ಬೇರೆ ಹೆಸರು."

ಇದನ್ನು ಓದುತ್ತಿರುವ ತಾಯಂದಿರಿಗೆ ಆ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಗಿ ಹೊಲಿಗೆ ಮಾಡಿ ಮಕ್ಕಳನ್ನು ಓದಿಸುತ್ತಿರುವವಳು, ಅಂಜುಬುರುಕಿಯಲ್ಲ. ಅವಳ ಭಯಕ್ಕೆ ಕಾರಣವಿದೆ ಎಂದು ನನಗೂ ಗೊತ್ತು. ಆದರೆ ಭಯಪಟ್ಟು ಮಗುವಿನ ಕೈಯಿಂದ ತಂತಿಯನ್ನು ಕಸಿದುಕೊಂಡರೆ ಅವಳು ಕಲಿಯುವುದು ವಿಜ್ಞಾನವನ್ನಲ್ಲ, ತನ್ನ ಮನೆಯಲ್ಲಿ ಯಾವ ಯಾವ ವಸ್ತುಗಳನ್ನು ಮುಟ್ಟಬಾರದು ಎಂಬ ಪಟ್ಟಿಯನ್ನು. ನಾನು ಮದ್ರಸದಲ್ಲಿ ಓದಿ, ಮದುವೆಯ ನಂತರ ಖಾಸಗಿಯಾಗಿ ಬಿ.ಎ. ಕಟ್ಟಿ ಪಾಸಾದವಳು. ಭೌತಶಾಸ್ತ್ರ ನನ್ನ ವಿಷಯವಲ್ಲ. ಅವಳ ಪಠ್ಯಪುಸ್ತಕದ 'ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು' ಎಂಬ ಪಾಠವನ್ನು ಅವಳ ಜೊತೆಗೇ ಕೂತು ಎರಡು ಸಂಜೆ ಓದಿದೆ. ಆ ಮೇಲೆ ಮೂರು ಷರತ್ತು ಹಾಕಿದೆ. ಮಾಡುವ ಮೊದಲೇ ವಿಜ್ಞಾನದ ಶಿಕ್ಷಕರಿಗೆ ಚಿತ್ರ ಬಿಡಿಸಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಸಾಮಾನುಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಯಾರು ಬೇಕಾದರೂ ನೋಡುವಂತೆ ಒಯ್ಯಬೇಕು. ಹೆಸರು 'ಗನ್' ಆಗಿರಬಾರದು, ಒಂದು ಪ್ರಶ್ನೆಯಾಗಿರಬೇಕು. ಕೊನೆಗೆ ಚಾರ್ಟಿನ ಮೇಲೆ ಬಂದದ್ದು: 'ತಂತಿಯ ಸುರುಳಿ ಮೊಳೆಯನ್ನು ಎಷ್ಟು ದೂರ ಎಸೆಯಬಲ್ಲದು?'

ಮೂರನೇ ಷರತ್ತಿಗೆ ಹುಡುಗಿ ಎರಡು ದಿನ ಮುನಿಸಿಕೊಂಡಳು. "ಎಲ್ಲರೂ ಕಾಯಿಲ್ ಗನ್ ಅಂತಲೇ ಕರೀತಾರೆ. ನಾವು ಮಾತ್ರ ಯಾಕೆ ಹೆಸರು ಬದಲಿಸಬೇಕು?" ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ.

ನನ್ನ ತಮ್ಮನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮಿಕ್ಸಿ, ಫ್ಯಾನು, ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಅವನು 26 ಗೇಜಿನ ತಾಮ್ರದ ತಂತಿ ಕೊಟ್ಟ. ನೋಡಲು ಬರೀ ತಾಮ್ರದಂತಿದ್ದರೂ ಅದರ ಮೇಲೆ ತೆಳುವಾದ ವಾರ್ನಿಷ್ ಪದರವಿರುತ್ತದೆ. ಅದಿಲ್ಲದಿದ್ದರೆ ಕರೆಂಟ್ ಸುತ್ತು ಸುತ್ತಾಗಿ ಹೋಗದೆ ಪಕ್ಕದ ತಂತಿಗೆ ಅಡ್ಡದಾರಿಯಲ್ಲಿ ದಾಟಿಬಿಡುತ್ತದೆ. "ಎರಡು ತುದಿಗಳನ್ನು ಮಾತ್ರ ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ಉಜ್ಜು, ಇಲ್ಲದಿದ್ದರೆ ಇಡೀ ದಿನ ಕೂತರೂ ಏನೂ ಆಗಲ್ಲ" ಎಂದು ಮೊದಲೇ ಎಚ್ಚರಿಸಿದ. ಈ ವಾರ್ನಿಷ್ ತಂತಿ ಇಲ್ಲದ ಕಾಲದಲ್ಲಿ, 1830ರ ಸುಮಾರಿಗೆ, ಅಮೆರಿಕದ ಆಲ್ಬನಿ ಎಂಬ ಊರಿನ ಶಾಲಾ ಶಿಕ್ಷಕ ಜೋಸೆಫ್ ಹೆನ್ರಿ ತಂತಿಗೆ ರೇಷ್ಮೆ ಸುತ್ತಿ, ಅದನ್ನು ಪದರ ಪದರವಾಗಿ ಕಬ್ಬಿಣದ ಮೇಲೆ ಸುತ್ತಿ, ಆವರೆಗೆ ಯಾರೂ ಕಾಣದಷ್ಟು ಬಲವಾದ ವಿದ್ಯುತ್ಕಾಂತಗಳನ್ನು ಮಾಡಿದ್ದರು. ಶಿಕ್ಷಕಿಯಾದ ನನಗೆ ಈ ಸಂಗತಿ ಓದಿ ಸ್ವಲ್ಪ ಹೆಮ್ಮೆಯೂ ಆಯಿತು.

ಪಾರದರ್ಶಕ ಬಾಲ್‌ಪೆನ್ನಿನ ಖಾಲಿ ಕೊಳವೆಯೇ ನಮ್ಮ ನಳಿಕೆ. ಅದರ ಮೇಲೆ ಮೂರು ಸೆಂಟಿಮೀಟರ್ ಅಗಲದಲ್ಲಿ ನಾಲ್ಕು ಪದರ, ಒಟ್ಟು ಸುಮಾರು 200 ಸುತ್ತು. ತಮ್ಮ ಅಂಗಡಿಯ ಯಂತ್ರದಲ್ಲಿ ಒಂದು ನಿಮಿಷದಲ್ಲಿ ಸುತ್ತಿಕೊಡುತ್ತೇನೆ ಎಂದರೂ ಅವಳು ಕೈಯಲ್ಲೇ ಸುತ್ತಿದಳು. ಟಾರ್ಚಿಗೆ ಹಾಕುವ ದೊಡ್ಡ ಸೆಲ್ ನಾಲ್ಕು, ಅಂದರೆ ಆರು ವೋಲ್ಟ್. ತಲೆ ಕತ್ತರಿಸಿ ತುದಿಯನ್ನು ಅರದಿಂದ ಉಜ್ಜಿದ ಒಂದಿಂಚಿನ ಮೊಳೆ.

ಮೊದಲ ದಿನ ಮೊಳೆಯ ಅರ್ಧ ಭಾಗ ಸುರುಳಿಯ ಬಾಯಲ್ಲಿ ಇರುವಂತೆ ಇಟ್ಟು ತಂತಿ ತಾಗಿಸಿದಳು. ಮೊಳೆ 'ಚಕ್' ಎಂದು ಒಳಗೆ ಹೋಯಿತು, ಸುರುಳಿಯ ನಟ್ಟನಡುವೆ ಹೋಗಿ ನಿಂತುಬಿಟ್ಟಿತು. ಹೊರಗೆ ಬರಲೇ ಇಲ್ಲ. ಕೆಲವೇ ಕ್ಷಣಗಳಲ್ಲಿ ಸುರುಳಿ ಬಿಸಿಯಾಗತೊಡಗಿತು, ತಂತಿ ತೆಗೆಸಿದೆ. ಹುಡುಗಿಯ ಮುಖ ಸಪ್ಪೆಯಾಯಿತು.

ನಿಜವಾದ ಪಾಠ ಇಲ್ಲಿಂದ ಶುರುವಾಯಿತು. ಎಲ್ಲರೂ ತಿಳಿಯುವುದು ಸುರುಳಿ ಮೊಳೆಯನ್ನು ತಳ್ಳುತ್ತದೆ ಎಂದು. ಅದು ತಳ್ಳುವುದಿಲ್ಲ. ಅದಕ್ಕೆ ಗೊತ್ತಿರುವುದು ಎಳೆಯುವುದು ಮಾತ್ರ. ಮೊಳೆ ಈ ಬದಿಯಲ್ಲಿದ್ದರೂ ಆ ಬದಿಯಲ್ಲಿದ್ದರೂ ತನ್ನ ನಡುವಿಗೇ ಎಳೆಯುತ್ತದೆ. ನಡುವನ್ನು ದಾಟಿ ಮುಂದೆ ಹೊರಟ ಮೊಳೆಯನ್ನೂ ಹಿಂದಕ್ಕೆ ಎಳೆಯುತ್ತದೆ. ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲು ಮಾಡಿದರೂ ಅಷ್ಟೇ, ಕಬ್ಬಿಣವನ್ನು ಎಳೆಯುತ್ತದೆಯೇ ಹೊರತು ದೂಡುವುದಿಲ್ಲ. ಹಾಗಿದ್ದರೆ ಮೊಳೆ ಹಾರಬೇಕಾದರೆ ಒಂದೇ ಉಪಾಯ. ಅದು ಓಡಿ ಬಂದು ನಡುವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಸುರುಳಿ ಅದನ್ನು ಬಿಟ್ಟುಬಿಡಬೇಕು. ಕರೆಂಟ್ ನಿಲ್ಲಬೇಕು. ಆಗ ಮೊಳೆ ತಾನು ಪಡೆದ ವೇಗದಿಂದಲೇ ಮುಂದೆ ಹೋಗುತ್ತದೆ. ಅದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು. ಕೈಯಿಂದ ತಾಗಿಸಿ ತೆಗೆಯುವುದೆಂದರೆ ಅದೃಷ್ಟದ ಆಟ. ಒಮ್ಮೆ ಹೊರಗೆ ಬೀಳುತ್ತಿತ್ತು, ನಾಲ್ಕು ಸಲ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ತಂಗಿ ತಲೆಯೆತ್ತದೆ ಹೇಳಿದಳು: "ಕೈ ನಿಲ್ಲಿಸೋಕೆ ಆಗಲ್ಲ ಅಂದರೆ ನಿಲ್ಲಿಸಬೇಡಿ. ಒಂದು ಕಿರಿದಾದ ತಗಡಿನ ಪಟ್ಟಿ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ತಂತಿಯನ್ನು ಅದರ ಮೇಲೆ ಎಳೆದುಬಿಡಿ. ಪಟ್ಟಿ ಮುಗಿದಾಗ ತಾನೇ ಬಿಟ್ಟುಹೋಗುತ್ತಲ್ಲ."

ಹುಡುಗಿ ಅಮ್ಮಿಯನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ತಕ್ಷಣ ಕತ್ತರಿಗೆ ಕೈ ಹಾಕಿದಳು. ಬಟ್ಟೆ ಕತ್ತರಿಯಿಂದ ತಗಡು ಕತ್ತರಿಸಲು ಯಾವ ಹೊಲಿಗೆಯವಳೂ ಬಿಡಲಾರಳು, ಹಾಗಾಗಿ ಬಿಸ್ಕತ್ತು ಡಬ್ಬಿಯ ಮುಚ್ಚಳ ಮಾಮೂನ ಅಂಗಡಿಗೆ ಹೋಗಿ ಪಟ್ಟಿಗಳಾಗಿ ಬಂತು. ಆರು, ನಾಲ್ಕು, ಎರಡು, ಒಂದು ಸೆಂಟಿಮೀಟರ್ ಅಗಲ. ಉಜ್ಜಿ ಹೊಳಪು ಬರಿಸಿ ಒಂದೊಂದನ್ನೂ ರಟ್ಟಿನ ಮೇಲೆ ಅಂಟಿಸಿ, ಬ್ಯಾಟರಿಯ ಒಂದು ತುದಿಯನ್ನು ಪಟ್ಟಿಗೂ ಇನ್ನೊಂದನ್ನು ಸುರುಳಿಗೂ ಜೋಡಿಸಿದೆವು. ಸುರುಳಿಯ ಉಳಿದ ತುದಿಯನ್ನು ಕೈಯಲ್ಲಿ ಹಿಡಿದು ಪಟ್ಟಿಯ ಮೇಲೆ ಅಡ್ಡಕ್ಕೆ ಎಳೆಯುವುದು. ಆರು ಸೆಂಟಿಮೀಟರಿಗೆ ಮೊಳೆ ನಡುವೆಯೇ ಅತ್ತಿತ್ತ ತುಯ್ದು ನಿಂತಿತು. ನಾಲ್ಕಕ್ಕೆ ಹೊರಬಂದು ಮೇಜಿನ ಬುಡದಲ್ಲೇ ಬಿತ್ತು. ಎರಡಕ್ಕೆ ಹಾರಿತು! ಒಂದಕ್ಕೆ ಸ್ವಲ್ಪ ಸರಿದು ಕೊಳವೆಯಲ್ಲೇ ಉಳಿಯಿತು. ಒಂದೇ ಸಲಕ್ಕೆ ನಂಬದೆ, ಪ್ರತಿಯೊಂದನ್ನೂ ಹತ್ತು ಹತ್ತು ಬಾರಿ ಮಾಡಿ ಸರಾಸರಿ ತೆಗೆಯಲು ಹೇಳಿದೆ. ಕೈಯ ವೇಗ ಎಲ್ಲ ಸಲವೂ ಒಂದೇ ಇರುವುದಿಲ್ಲವಷ್ಟೆ.

ದೂರ ಅಳೆದದ್ದು ತಂಗಿಯ ಟೇಪಿನಲ್ಲಿ. ಮೇಜಿನ ಎತ್ತರ 78 ಸೆಂಟಿಮೀಟರ್. ಆ ಎತ್ತರದಿಂದ ಒಂದು ವಸ್ತು ನೆಲಕ್ಕೆ ಬೀಳಲು 0.4 ಸೆಕೆಂಡ್ ಬೇಕು. ಸುಮ್ಮನೆ ಬಿಟ್ಟರೂ, ಅಡ್ಡಕ್ಕೆ ಎಸೆದರೂ ಅಷ್ಟೇ ಸಮಯ. ನಮ್ಮ ಮೊಳೆ ಅಷ್ಟರಲ್ಲಿ ಸರಾಸರಿ 40 ಸೆಂಟಿಮೀಟರ್ ಮುಂದೆ ಹೋಗಿ ಬೀಳುತ್ತಿತ್ತು. ಹಾಗಾದರೆ ವೇಗ ಸೆಕೆಂಡಿಗೆ ಒಂದು ಮೀಟರ್, ಗಂಟೆಗೆ 3.6 ಕಿಲೋಮೀಟರ್. ನಾನಿ ಹಾಲು ತರಲು ಹೋಗುವ ವೇಗ! ಇಷ್ಟು ದಿನ ಮನೆಯನ್ನು ಹೆದರಿಸಿದ 'ಬಂದೂಕು' ಇದು. ಲೆಕ್ಕ ಕೇಳಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಾನಿಯೇ. ಇನ್ನೊಂದು ಸಂಗತಿಯನ್ನು ತಂಗಿ ಗಮನಿಸಿದಳು. ಹತ್ತಾರು ಸಲ ಸುರುಳಿಯೊಳಗೆ ಹೋಗಿ ಬಂದ ಆ ಮೊಳೆ ಅವಳ ಗುಂಡುಪಿನ್ನುಗಳನ್ನು ಎತ್ತತೊಡಗಿತ್ತು.

ಇದೇ ಸುರುಳಿಗಳನ್ನು ಸಾಲಾಗಿ ಜೋಡಿಸಿ ನಿಜವಾದ ಫಿರಂಗಿ ಮಾಡಲು ಹೊರಟವರೊಬ್ಬರಿದ್ದರು, ನಾರ್ವೆಯ ಪ್ರೊಫೆಸರ್ ಕ್ರಿಸ್ಟಿಯನ್ ಬಿರ್ಕೆಲಾಂಡ್. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದು, ಕಂಪೆನಿಯನ್ನೂ ಕಟ್ಟಿದರು. ಸದ್ದಿಲ್ಲದೆ, ಮದ್ದಿಲ್ಲದೆ ಗುಂಡು ಹಾರಿಸುವ ಫಿರಂಗಿ ಎಂದು ಜನ ಕುತೂಹಲದಿಂದ ಕಾದಿದ್ದರು. 1903ರಲ್ಲಿ ರಾಜಧಾನಿಯ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ಗಣ್ಯರ ಮುಂದೆ ಸ್ವಿಚ್ ಹಾಕಿದಾಗ ಶಾರ್ಟ್ ಸರ್ಕ್ಯೂಟ್ ಆಗಿ, ಕಿವಿ ಕಿವುಡಾಗುವ ಸದ್ದಿನೊಂದಿಗೆ ಬೆಂಕಿಯ ಜ್ವಾಲೆ ಹೊಮ್ಮಿತು. ಜನ ಬೆಚ್ಚಿಬಿದ್ದರು. ಫಿರಂಗಿಯ ವ್ಯಾಪಾರ ಅಲ್ಲಿಗೆ ಮುಗಿಯಿತು. ಆದರೆ ಅದೇ ವರ್ಷ ಸ್ಯಾಮ್ ಐಡೆ ಎಂಬ ಎಂಜಿನಿಯರ್, ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರವಾಗಿಸಲು ಅತ್ಯಂತ ಶಕ್ತಿಯುತವಾದ ವಿದ್ಯುತ್ ಜ್ವಾಲೆ ಬೇಕು ಎಂದು ಹುಡುಕುತ್ತಿದ್ದರು. ಅಂಥ ಜ್ವಾಲೆ ಬಿರ್ಕೆಲಾಂಡರಿಗೆ ಗೊತ್ತಿತ್ತು. ಇಬ್ಬರೂ ಸೇರಿದ್ದರಿಂದ 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪೆನಿ ಹುಟ್ಟಿ, ಹೊಲಗಳಿಗೆ ಗೊಬ್ಬರ ಹೋಯಿತು. ಆ ವಿಧಾನಕ್ಕೆ ವಿದ್ಯುತ್ ಬಹಳ ಬೇಕಾದ್ದರಿಂದ ಮುಂದೆ ಜರ್ಮನಿಯ ಇನ್ನೊಂದು ವಿಧಾನ ಅದನ್ನು ಹಿಂದೆ ಹಾಕಿತು. ನನಗೆ ಈ ಕಥೆ ಬಹಳ ಇಷ್ಟ. ಫಿರಂಗಿಯಾಗಬೇಕಾದದ್ದು ಗೊಬ್ಬರವಾದ ಉದಾಹರಣೆಗಳು ಪ್ರಪಂಚದಲ್ಲಿ ಎಷ್ಟಿವೆ?

ಬೇರೆ ಬಗೆಯ ವಿದ್ಯುತ್ ಫಿರಂಗಿಗಾಗಿ ಅಮೆರಿಕದ ನೌಕಾಪಡೆ ವರ್ಷಗಟ್ಟಲೆ ಹಣ ಸುರಿದು 2021ರಲ್ಲಿ ಕೈಬಿಟ್ಟಿತು. ಅದಿರಲಿ.

ತಾಯಂದಿರು ತಿಳಿದಿರಬೇಕಾದ ಒಂದು ವಿಷಯವಿದೆ. ನಮ್ಮ ಪ್ರಯೋಗ ನೋಡಿ ಪಿಯುಸಿ ಓದುತ್ತಿರುವ ನನ್ನ ಮಗ, ಹಳೆಯ ಕ್ಯಾಮೆರಾದ ಫ್ಲಾಶಿನಲ್ಲಿರುವ ಕೆಪಾಸಿಟರ್ ಹಾಕಿದರೆ ಮೊಳೆ ಗೋಡೆಗೆ ನಾಟುತ್ತದೆ ಎಂದ. ಖಂಡಿತ ಬೇಡ ಎಂದೆ. ಅದರಲ್ಲಿ 300 ವೋಲ್ಟಿನಷ್ಟು ವಿದ್ಯುತ್ ತುಂಬಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಒಳಗೇ ಉಳಿದಿರುತ್ತದೆ. ಮುಟ್ಟಿದವರ ಹೃದಯವನ್ನೇ ನಿಲ್ಲಿಸಬಲ್ಲದು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನನ್ನ ತಮ್ಮನೂ ಮೋಟಾರಿನ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡದೆ ಕೈಯಿಂದ ಮುಟ್ಟುವುದಿಲ್ಲ. ಮನೆಯ ಪ್ಲಗ್ ಪಾಯಿಂಟಿಗೆ ಸುರುಳಿಯನ್ನು ಜೋಡಿಸುವುದಂತೂ ಸಾವನ್ನು ಕರೆದಂತೆ. ಟಾರ್ಚಿನ ಸೆಲ್ಲು, ಮೊಂಡು ತುದಿಯ ಮೊಳೆ, ಎದುರಿಗೆ ಯಾರೂ ನಿಲ್ಲದ ಮೇಜು. ಮಕ್ಕಳಿಗೆ ಇಷ್ಟು ಸಾಕು.

ಪ್ರದರ್ಶನದ ದಿನ ತಂಗಿಯೂ ಮಗಳ ಜೊತೆ ಬಸ್ಸು ಹತ್ತಿದಳು. ಡಬ್ಬಿ ಮಡಿಲಲ್ಲಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ ಇದು?" ಎಂದರಂತೆ. ತಂಗಿಗೆ ಗಂಟಲು ಒಣಗಿತು. ಹುಡುಗಿ, "ಸೈನ್ಸ್ ಪ್ರಾಜೆಕ್ಟ್ ಅಂಕಲ್, ಮೊಳೆ ಎಸೆಯುತ್ತೆ" ಎಂದಳು. "ಎಷ್ಟು ದೂರ?" "ನಲವತ್ತು ಸೆಂಟಿಮೀಟರ್." ಅವರು ನಕ್ಕು ಮುಂದಿನ ಸೀಟಿಗೆ ಹೋದರು. ಒಬ್ಬ ಕಂಡಕ್ಟರ್ ನಕ್ಕರೆಂದ ಮಾತ್ರಕ್ಕೆ ತಂಗಿಯ ಭಯ ಸುಳ್ಳಾಯಿತು ಎಂದು ನಾನು ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಬಹುಮಾನ ಮಳೆನೀರು ಕೊಯ್ಲಿನ ಮಾದರಿಗೆ ಹೋಯಿತು. ಇವಳ ಮೇಜಿನ ಮುಂದೆ ಮಾತ್ರ ಚಿಕ್ಕ ಮಕ್ಕಳ ಸಾಲು ಸಂಜೆಯವರೆಗೂ ಕರಗಲಿಲ್ಲ, ಎಲ್ಲರಿಗೂ ಒಮ್ಮೆ ತಂತಿ ಎಳೆಯಬೇಕಿತ್ತು. ತೀರ್ಪುಗಾರರು, "ಪಟ್ಟಿ ಎರಡೇ ಸೆಂಟಿಮೀಟರ್ ಯಾಕೆ?" ಎಂದು ಕೇಳಿದಾಗ ಹತ್ತು ಹತ್ತು ಬಾರಿ ಅಳೆದ ಅಂಕಿಗಳ ಹಾಳೆ ತೋರಿಸಿದಳಂತೆ. ಪಟ್ಟಿಯ ಯೋಚನೆ ಯಾರದು ಎಂದು ಕೇಳಿದ್ದಕ್ಕೆ, ಹಿಂದೆ ನಿಂತಿದ್ದ ಅಮ್ಮಿಯನ್ನು ತೋರಿಸಿದಳಂತೆ.

ಈಗ ಎರಡು ಸುರುಳಿಗಳ ಮಾತು ನಡೆಯುತ್ತಿದೆ. ಮೊದಲನೆಯದು ಬಿಟ್ಟ ಮೊಳೆಯನ್ನು ಎರಡನೆಯದು ಹಿಡಿದೆಳೆಯಬೇಕು. ಅಷ್ಟು ಹೊತ್ತಿಗೆ ಮೊಳೆಯ ವೇಗ ಹೆಚ್ಚಿರುವುದರಿಂದ ಎರಡನೇ ಪಟ್ಟಿ ಮೊದಲನೆಯದಕ್ಕಿಂತ ಕಿರಿದಾಗಿರಬೇಕು. ಎಷ್ಟು ಕಿರಿದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಂಗಿ ಒಂದೂಕಾಲು ಸೆಂಟಿಮೀಟರ್ ಎನ್ನುತ್ತಾಳೆ, ಮಗಳು ಒಪ್ಪುತ್ತಿಲ್ಲ.