ಆಪಣುಂ

ಗುಜರಾತಿಯಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ಕೇಳುವವನನ್ನು ಹೊರಗಿಟ್ಟರೆ ‘ಅಮೆ’, ಒಳಗೊಂಡರೆ ‘ಆಪಣೆ’. ನಾನು ಓದಿದ ಇಂಗ್ಲಿಷಿಗಾಗಲಿ ಇಂದಿನ ನಮ್ಮ ಕನ್ನಡಕ್ಕಾಗಲಿ ಈ ಸೂಕ್ಷ್ಮವಿಲ್ಲ. ಅದರ ಬೆಲೆ ನನಗೆ ತಿಳಿದದ್ದು ವಡೋದರಾದಲ್ಲಿ, ತಪ್ಪು ಮಾಡಿದ ಮೇಲೆ.

ಅಲ್ಲಿ ನಾನು ವಹಿಸಿಕೊಂಡ ಶಾಖೆಯಲ್ಲಿ ಐವರಿದ್ದರು. ಈ ಕೆಲಸ ಯಾರದೆಂದು ಕೇಳಿದರೆ ‘ಆಪಣುಂ ಛೇ, ಸಾಹೇಬ್’ ಎಂಬ ಉತ್ತರ. ನಮ್ಮೆಲ್ಲರದು, ನಿಮ್ಮದೂ ಸೇರಿ. ಟಪಾಲು ನೋಡುವವರು ಬಿಲ್ಲು ಬರೆಯುತ್ತಿದ್ದರು. ಬಿಲ್ಲಿನವರು ರಜೆ ಹಾಕಿದರೆ ಟೈಪು ಮಾಡುವವರು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಬಾಕಿ ಇರಲಿಲ್ಲ. ಆದರೂ ನನಗದು ಅಶಿಸ್ತಾಗಿ ಕಂಡಿತು. ಒಬ್ಬೊಬ್ಬರಿಗೂ ಇಂತಿಂಥ ಕೆಲಸವೆಂದು ಕಚೇರಿ ಆದೇಶ ಹೊರಡಿಸಿದೆ. ಮೂರು ತಿಂಗಳಲ್ಲಿ ಕಡತಗಳು ಕಪಾಟಿನ ಮೇಲಕ್ಕೇರಿದವು. ನಿವೃತ್ತರೊಬ್ಬರ ಪಿಂಚಣಿ ಅರ್ಜಿ ಎರಡು ಮೇಜುಗಳ ನಡುವೆ ಏಳು ವಾರ ನಿಂತಿತು. ವಿಚಾರಿಸಿದಾಗ ಹಿರಿಯ ಸಹಾಯಕಿ ಬೆನ್ ಆದೇಶದ ಪ್ರತಿಯನ್ನು ತೋರಿಸಿ, ‘ಎ ಮಾರುಂ ಕಾಮ್ ನಥಿ, ಸಾಹೇಬ್’ ಎಂದರು. ಅದು ನನ್ನ ಕೆಲಸವಲ್ಲ. ದನಿಯಲ್ಲಿ ಕೋಪವೂ ಇರಲಿಲ್ಲ. ಆದೇಶವನ್ನು ಹಿಂಪಡೆದೆ, ಹೋದದ್ದು ಮರಳಲಿಲ್ಲ.

ಅಹಮದಾಬಾದಿಗೆ ವರ್ಗವಾದ ಮೇಲೆ ಎ. ಕೆ. ರೈಸ್ ಅವರ ಪುಸ್ತಕವೊಂದು ಕೈಗೆ ಬಂತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ರೈಸ್ 1953ರಲ್ಲಿ ಇದೇ ಊರಿನ ಕ್ಯಾಲಿಕೊ ಮಿಲ್ಲಿಗೆ ಬಂದಿದ್ದರು. ಸ್ವಯಂಚಾಲಿತ ಮಗ್ಗಗಳನ್ನು ಹೂಡಿದ್ದರೂ ಉತ್ಪಾದನೆ ನಿರೀಕ್ಷೆಯಷ್ಟು ಏರಿರಲಿಲ್ಲ. ಆ ಶೆಡ್ಡಿನಲ್ಲಿ ಕೆಲಸವನ್ನು 12 ಬಗೆಯಾಗಿ ಒಡೆಯಲಾಗಿತ್ತು. ನೇಕಾರನಿಗೆ 24 ಅಥವಾ 32 ಮಗ್ಗ, ಮಗ್ಗಕ್ಕೆ ನೂಲಿನ ಉರುಳೆ ತುಂಬುವವನಿಗೆ 40 ಅಥವಾ 50, ಕಡಿದ ಎಳೆಗಳನ್ನು ಕೂಡಿಸುವವನಿಗೆ ಸುಮಾರು 75. ಒಬ್ಬನ ಗಡಿ ಇನ್ನೊಬ್ಬನ ಗಡಿಗೆ ಹೊಂದದು. ಯಾರು ಯಾರ ಜೊತೆಗಾರನೆಂದು ಹೇಳುವುದೇ ಸಾಧ್ಯವಿಲ್ಲ. ನನ್ನ ಆದೇಶವನ್ನೇ ಅಚ್ಚಿನಲ್ಲಿ ಓದಿದಂತಾಯಿತು. ರೈಸ್ ಸೂಚಿಸಿದ್ದು ಇಷ್ಟೇ: ಒಂದಷ್ಟು ಮಗ್ಗಗಳ ಇಡೀ ಹೊಣೆ ಒಂದು ಸಣ್ಣ ಗುಂಪಿಗಿರಲಿ. ಯಾರೊಡನೆ ಯಾರು ಎಂಬುದನ್ನು ಕಾರ್ಮಿಕರೇ ಆರಿಸಿಕೊಂಡರು. ಆರಂಭದ ಏರಿಳಿತಗಳ ಬಳಿಕ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪುಗಳು ಹಾಗೆಯೇ ಉಳಿದಿದ್ದವು. ಬೇರೆಡೆ ಕೆಲಸ ಹಳೆಯ ಜಾಡಿಗೆ ಜಾರಿತ್ತು. ಆ ಮಿಲ್ಲು ಈಗಿಲ್ಲ.

ಸದ್ಯ ಸೂರತ್ತಿನಲ್ಲಿದ್ದೇನೆ. ಶಾಖೆಯ ಆರು ಜನರೂ ಪರಸ್ಪರ ಹೊಸಬರು. ಇಡೀ ಕೆಲಸವನ್ನು ಮುಂದಿಟ್ಟು, ನೀವೇ ಹಂಚಿಕೊಳ್ಳಿ ಎಂದೆ. ಮೂರು ವಾರಗಳಿಂದ ಜಗಳ ನಡೆದಿದೆ. ಗುಂಪು ಕೂಡುವುದಕ್ಕೂ ಹೊಂದಿಕೊಳ್ಳುವುದಕ್ಕೂ ನಡುವೆ ಜಗಳದ ಘಟ್ಟವೊಂದಿದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್ಮನ್ 1965ರಲ್ಲಿ ಬರೆದರು. ಅದು ಎಷ್ಟು ವಾರದ್ದೆಂದು ಹೇಳಿದ್ದರೆ ಉಪಕಾರವಾಗುತ್ತಿತ್ತು. ಕೆಲಸ ಹಂಚಿಕೆಯ ಪಟ್ಟಿ ಎಲ್ಲಿ ಎಂದು ಮೇಲಧಿಕಾರಿಗಳು ಎರಡು ಬಾರಿ ಕೇಳಿದ್ದಾರೆ. ಪಟ್ಟಿ ಸಿದ್ಧವಾಗಿ ಮೇಜಿನ ಖಾನೆಯಲ್ಲಿದೆ. ಇನ್ನೂ ಸಹಿ ಹಾಕಿಲ್ಲ.